ಪೀಠ ಬರಿದಾಗಿದ್ದ ದಿನಗಳು

2025ರ ಸೆಪ್ಟೆಂಬರ್ 27ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಯ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ತೀರಿಕೊಂಡರು. 101 ವರ್ಷದ ತುಂಬು ಬದುಕು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವ ವಿಷಯವನ್ನು 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದವರು ಅವರೇ ಆದ್ದರಿಂದ ನಮ್ಮ ಕಡೆಯ ಸದಸ್ಯರಿಗೂ ಅವರ ಹೆಸರು ಹತ್ತಿರದ್ದು. ವಾರ ಕಳೆಯುತ್ತಿದ್ದಂತೆ ಸಭೆಯ ಮಹಾಸಮ್ಮೇಳನ ಬಂತು. ಅಧ್ಯಕ್ಷರೂ ಅವರ ಇಬ್ಬರು ಸಲಹೆಗಾರರೂ ಸೇರಿದ ಪ್ರಥಮ ಅಧ್ಯಕ್ಷ ಮಂಡಲಿ ಇಲ್ಲದೆಯೇ ಅದು ನಡೆದುಹೋಯಿತು. ಅಕ್ಟೋಬರ್ 14ರಂದು ಡಾಲಿನ್ ಓಕ್ಸ್ ಅವರು ಅಧ್ಯಕ್ಷರಾದ ಸುದ್ದಿ ಹೊರಬಿತ್ತು. ನಡುವೆ 17 ದಿನ. ಮುಂದಿನವರು ಯಾರೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹನ್ನೆರಡು ಮಂದಿ ಅಪೊಸ್ತಲರ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಸೇವೆ ಮಾಡಿದವರು ಯಾರೋ ಅವರೇ.

ಈ ನಿಶ್ಚಿಂತೆ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅದನ್ನು ಗಳಿಸಲು ಸಭೆಗೆ 57 ವರ್ಷ ಬೇಕಾಯಿತು. 1844ರಲ್ಲಿ ಪೀಠ ಮೊದಲ ಸಲ ಬರಿದಾದಾಗ ಅದು ಮತ್ತೆ ತುಂಬಲು ಮೂರೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದೇ ನದೀತೀರದಲ್ಲಿ ಒಟ್ಟಿಗೆ ಪ್ರಾರ್ಥಿಸಿದ ಜನ ಐದಾರು ದಿಕ್ಕಿಗೆ ಹಂಚಿಹೋಗಿದ್ದರು. ಆ ಕಥೆಯನ್ನು ಗೆದ್ದವರ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ನನಗೆ ಹಾಗೆ ಹೇಳಲು ಮನಸ್ಸಿಲ್ಲ. ಅಂದು ಬೇರೆ ದಾರಿ ಹಿಡಿದವರಲ್ಲಿ ಅನೇಕರು ಪ್ರಾಮಾಣಿಕರು. ತಮ್ಮ ಪ್ರವಾದಿಯ ಮಾತನ್ನೇ ನೆಚ್ಚಿ ಹೋದವರು.

ಜೋಸೆಫ್ ಸ್ಮಿತ್ ಅವರು 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫಯೆಟ್‌ನಲ್ಲಿ ಸಭೆಯನ್ನು ಸ್ಥಾಪಿಸಿದಾಗ ಅವರಿಗೆ 24 ವರ್ಷ. ಆ ವಯಸ್ಸಿನಲ್ಲಿ ಯಾರು ತಾನೇ ಉತ್ತರಾಧಿಕಾರಿಯ ಚಿಂತೆ ಮಾಡುತ್ತಾರೆ? ಆದರೂ ಅವರು ಮಾಡಿದರು, ಒಂದಲ್ಲ, ಹಲವು ಸಲ. ಕಷ್ಟ ಹುಟ್ಟಿದ್ದೇ ಅಲ್ಲಿ. 1834ರಲ್ಲಿ ಮಿಸೌರಿಯ ಸಭೆಗೆ ಡೇವಿಡ್ ವಿಟ್ಮರ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿ, ತಾವು ಇಲ್ಲವಾದರೆ ಆ ಸ್ಥಾನಕ್ಕೆ ಅವರೆಂದು ಸೂಚಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಲಿವರ್ ಕೌಡರಿ ಅವರಿಗೆ ಸಹಾಯಕ ಅಧ್ಯಕ್ಷರ ಪಟ್ಟ ಕೊಟ್ಟರು. 1838ರ ಏಪ್ರಿಲ್‌ನಲ್ಲಿ, ಒಂದು ದಿನದ ಅಂತರದಲ್ಲಿ, ಇಬ್ಬರೂ ಬಹಿಷ್ಕೃತರಾದರು. ಕೌಡರಿಯವರ ಜಾಗಕ್ಕೆ 1841ರ ಜನವರಿಯಲ್ಲಿ ಅಣ್ಣ ಹೈರಮ್ ಸ್ಮಿತ್ ಬಂದರು. ತಮ್ಮದೇ ಹೆಸರಿನ ಮಗನ ತಲೆಯ ಮೇಲೆ ಕೈಯಿಟ್ಟು ಪ್ರವಾದಿ ಜೋಸೆಫ್ ಆಶೀರ್ವದಿಸಿದ್ದನ್ನು ಕಂಡೆವೆಂದು ಮುಂದೆ ಹಲವರು ಸಾಕ್ಷಿ ಹೇಳಿದರು.

ಇದರ ಜೊತೆಗೆ 1835ರ ಮಾರ್ಚ್‌ನಲ್ಲಿ ಕರ್ಟ್‌ಲ್ಯಾಂಡ್‌ನಲ್ಲಿ ಬಂದ ಪ್ರಕಟನೆಯೊಂದಿದೆ. ಸಭೆಯ ಆಡಳಿತಕ್ಕೆ ಇಂದಿಗೂ ಅದೇ ಅಡಿಪಾಯ. ಮೇಲೆ ಮೂವರ ಪ್ರಥಮ ಅಧ್ಯಕ್ಷ ಮಂಡಲಿ. ಅದಕ್ಕೆ ಅಧಿಕಾರದಲ್ಲಿ ಸಮನಾದದ್ದು ಹನ್ನೆರಡು ಮಂದಿ ಅಪೊಸ್ತಲರ ಮಂಡಲಿ. ಅವರಿಗೆ ಸಮ ಎಪ್ಪತ್ತು ಮಂದಿಯ ಮಂಡಲಿ. ಸ್ಟೇಕ್ ಎಂಬ ಪ್ರಾದೇಶಿಕ ಘಟಕಗಳ ಉಚ್ಚ ಸಮಿತಿಗಳಿಗೂ ತಮ್ಮ ಮಟ್ಟಿಗೆ ಸಮಾನ ಅಧಿಕಾರ. ಅಧಿಕಾರ ಒಂದೇ ಕೈಯಲ್ಲಿ ಸೇರಬಾರದೆಂಬ ಎಚ್ಚರ ಇಲ್ಲಿ ಎದ್ದು ಕಾಣುತ್ತದೆ. ಆದರೆ ಮೇಲಿನ ಮಂಡಲಿಯೇ ಕುಸಿದುಬಿದ್ದರೆ ಈ ಸಮಾನರಲ್ಲಿ ಮೊದಲಿಗರು ಯಾರು? ಅದನ್ನು ಓದುವವರು ತಮಗೆ ಬೇಕಾದ ಉತ್ತರವನ್ನು ಅದರಲ್ಲಿಯೇ ಕಾಣಬಹುದಾಗಿತ್ತು, ಕಂಡರು ಕೂಡ.

1844ರ ಜೂನ್ 27ರ ಸಂಜೆ ಇಲಿನಾಯ್ ರಾಜ್ಯದ ಕಾರ್ತೇಜ್ ಸೆರೆಮನೆಗೆ ಮುಖಕ್ಕೆ ಮಸಿ ಬಳಿದುಕೊಂಡ ಗುಂಪೊಂದು ನುಗ್ಗಿತು. 38 ವರ್ಷದ ಜೋಸೆಫ್, 44 ವರ್ಷದ ಹೈರಮ್, ಇಬ್ಬರೂ ಗುಂಡಿಗೆ ಬಲಿಯಾದರು. ಜೊತೆಗಿದ್ದ ಅಪೊಸ್ತಲ ಜಾನ್ ಟೇಲರ್ ಅವರಿಗೆ ಹಲವು ಗುಂಡು ತಗಲಿದವು. ವಿಲ್ಲರ್ಡ್ ರಿಚರ್ಡ್ಸ್ ಹೆಚ್ಚುಕಡಿಮೆ ಗಾಯವಿಲ್ಲದೆ ಉಳಿದರು. ಅಧ್ಯಕ್ಷರೂ ಹೋದರು, ಅಧ್ಯಕ್ಷರ ನಂತರ ಬರಬೇಕಾಗಿದ್ದವರೂ ಅದೇ ಕೋಣೆಯಲ್ಲಿ, ಅದೇ ಗಳಿಗೆಯಲ್ಲಿ ಹೋದರು. ಜೋಸೆಫ್ ಅವರ ತಮ್ಮ ಸ್ಯಾಮ್ಯುಯೆಲ್ ಜುಲೈ 30ರಂದು ಕಾಯಿಲೆಯಿಂದ ತೀರಿಕೊಂಡರು. ಮಗ ಜೋಸೆಫನಿಗೆ ಇನ್ನೂ 11 ವರ್ಷ. ತಾಯಿ ಎಮ್ಮಾ ಗರ್ಭಿಣಿ.

ಎಮ್ಮಾ ಅವರ ಪಾಡನ್ನು ಚರಿತ್ರೆಕಾರರು ಬಹುಕಾಲ ಬದಿಗಿಟ್ಟರು. ಸಭೆಯ ಆಸ್ತಿಗೆಲ್ಲ ಜೋಸೆಫ್ ಒಬ್ಬರೇ ಟ್ರಸ್ಟಿಯಾಗಿದ್ದರು. ಸಭೆಯ ಜನ ನೆಲೆಸಿದ್ದ ನಾವೂ ಪಟ್ಟಣದ ನಿವೇಶನಗಳು, ಸಾಲದ ಪತ್ರಗಳು, ಮನೆಯ ಹಣ, ಸಭೆಯ ಹಣ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಸಾಲ ಕೊಟ್ಟವರು ಬಾಗಿಲಿಗೆ ಬರುವ ಮೊದಲೇ ಹೊಸ ಟ್ರಸ್ಟಿಯನ್ನು ನೇಮಿಸಬೇಕು, ಇಲ್ಲವಾದರೆ ಮಕ್ಕಳ ಬಾಯಿಗೆ ಮಣ್ಣು ಬೀಳುತ್ತದೆ ಎಂಬುದು ಅವರ ಆತಂಕ. ನಾವೂ ಸ್ಟೇಕ್‌ನ ಅಧ್ಯಕ್ಷ ವಿಲಿಯಂ ಮಾರ್ಕ್ಸ್ ಆಗಲಿ ಎಂದು ಅವರು ಬಯಸಿದರು. ಮಾರ್ಕ್ಸ್ ನೇರ ನಡೆಯ ಮನುಷ್ಯ. ಸಭೆ ಆಗಿನ್ನೂ ಬಹಿರಂಗವಾಗಿ ಒಪ್ಪಿಕೊಳ್ಳದಿದ್ದ ಬಹುಪತ್ನೀತ್ವವನ್ನು ಎಮ್ಮಾ ಅವರಂತೆಯೇ ವಿರೋಧಿಸುತ್ತಿದ್ದವರು. ಟ್ರಸ್ಟಿ ಯಾರೆಂಬ ಪ್ರಶ್ನೆಯ ಹೊಟ್ಟೆಯಲ್ಲಿ ಅಧ್ಯಕ್ಷರು ಯಾರೆಂಬ ಪ್ರಶ್ನೆ ಅಡಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಅಪೊಸ್ತಲರೆಲ್ಲ ಬರುವ ತನಕ ನೇಮಕ ಬೇಡವೆಂದು ಊರಿನಲ್ಲಿದ್ದ ರಿಚರ್ಡ್ಸ್ ಮುಂತಾದವರು ತಡೆಹಿಡಿದರು.

ಅಪೊಸ್ತಲರಲ್ಲಿ ಹೆಚ್ಚಿನವರು ಆಗ ಪೂರ್ವದ ರಾಜ್ಯಗಳಲ್ಲಿದ್ದರು. ಜೋಸೆಫ್ ಅಮೆರಿಕದ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದರು; ಅವರ ಪರ ಪ್ರಚಾರಕ್ಕೆ ಹೋದವರಿವರು. ಬ್ರಿಗಮ್ ಯಂಗ್ ಅವರಿಗೆ ಕೊಲೆಯ ಸುದ್ದಿ ಖಚಿತವಾದದ್ದು ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋದಲ್ಲಿ, ಜುಲೈ ನಡುಭಾಗದಲ್ಲಿ. ಬೀಗದ ಕೈಗಳನ್ನೂ ಜೋಸೆಫ್ ತಮ್ಮೊಂದಿಗೆ ಒಯ್ದುಬಿಟ್ಟರೇ ಎಂಬುದು ತಮಗೆ ಮೊದಲು ಹೊಳೆದ ಯೋಚನೆಯೆಂದು ಅವರೇ ಮುಂದೆ ನೆನೆದಿದ್ದಾರೆ. ಬೀಗದ ಕೈ ಎಂದರೆ ನಮ್ಮ ಸತ್ಯವೇದದ ಭಾಷೆಯಲ್ಲಿ ಪೇತ್ರನಿಗೆ ಕೊಟ್ಟದ್ದು: ಕಟ್ಟುವ, ಬಿಚ್ಚುವ ಅಧಿಕಾರ. ಮರುಗಳಿಗೆಯೇ ಅವರು ತೊಡೆ ತಟ್ಟಿಕೊಂಡು, ಇಲ್ಲ, ಅವು ಸಭೆಯ ಬಳಿಯೇ ಇವೆ ಎಂದರಂತೆ. ನನ್ನ ಎಣಿಕೆಯಲ್ಲಿ ಮುಂದಿನ ಎಲ್ಲದರ ತಿರುಳು ಈ ಒಂದು ಗಳಿಗೆಯಲ್ಲಿದೆ. ಉಳಿದವರು ಜೋಸೆಫ್ ಅವರ ಜಾಗದಲ್ಲಿ ಕೂರಬಲ್ಲ ವ್ಯಕ್ತಿಯನ್ನು ಹುಡುಕುತ್ತಿದ್ದಾಗ ಬ್ರಿಗಮ್ ಯಂಗ್ ಅಧಿಕಾರ ಎಲ್ಲಿ ಉಳಿದಿದೆಯೆಂದು ಹುಡುಕಿದರು.

ಅವರಿಗಿಂತ ಮೂರು ದಿನ ಮೊದಲೇ, ಆಗಸ್ಟ್ 3ರಂದು, ಪಿಟ್ಸ್‌ಬರ್ಗ್‌ನಿಂದ ಸಿಡ್ನಿ ರಿಗ್ಡನ್ ಅವರು ನಾವೂ ತಲುಪಿದ್ದರು. ಪ್ರಥಮ ಅಧ್ಯಕ್ಷ ಮಂಡಲಿಯ ಮೂವರಲ್ಲಿ ಉಳಿದಿದ್ದವರು ಇವರೊಬ್ಬರೇ. ಇನ್ನೊಬ್ಬ ಸಲಹೆಗಾರ ವಿಲಿಯಂ ಲಾ ಆ ವರ್ಷದ ಏಪ್ರಿಲ್‌ನಲ್ಲೇ ಬಹಿಷ್ಕೃತರಾಗಿದ್ದರು. ರಿಗ್ಡನ್ ದೊಡ್ಡ ವಾಗ್ಮಿ, ಸಭೆಯ ಆರಂಭದ ದಿನಗಳ ಆಧಾರಸ್ತಂಭ. ಕೊನೆಯ ವರ್ಷಗಳಲ್ಲಿ ಜೋಸೆಫ್ ಅವರಿಂದ ದೂರವಾಗಿದ್ದರೆಂಬುದೂ ನಿಜ. ಆಗಸ್ಟ್ 4ರ ಭಾನುವಾರ ಅವರು ಜನರ ಮುಂದೆ ನಿಂತು, ಜೋಸೆಫ್ ಅವರ ಜಾಗ ಯಾರೂ ತುಂಬಲಾರರು, ಸಭೆಗೆ ಬೇಕಾಗಿರುವುದು ಒಬ್ಬ ಪಾಲಕ ಎಂದರು. ಬ್ರಿಗಮ್ ಯಂಗ್ ಬಂದದ್ದು 6ರ ಸಂಜೆ.

ಆಗಸ್ಟ್ 8ರ ಗುರುವಾರ ಬೆಳಗ್ಗೆ ಹತ್ತಕ್ಕೆ ಮರಗಳ ತೋಪಿನಲ್ಲಿ ಸಾವಿರಾರು ಜನ ಸೇರಿದರು. ಗಾಳಿ ವೇದಿಕೆಯತ್ತ ಬೀಸುತ್ತಿತ್ತು. ತಮ್ಮ ಮಾತು ಜನರಿಗೆ ಕೇಳಲೆಂದು ರಿಗ್ಡನ್ ಸಭಿಕರ ಹಿಂಬದಿಗೆ ಹೋಗಿ ಬಂಡಿಯೊಂದರ ಮೇಲೆ ನಿಂತರು. ಜನ ವೇದಿಕೆಗೆ ಬೆನ್ನು ಮಾಡಿ ತಿರುಗಿ ಕುಳಿತರು. ಒಂದೂವರೆ ಗಂಟೆ ಅವರು ಮಾತಾಡಿದರು. ಮುಗಿಯುತ್ತಿದ್ದಂತೆ ಹಿಂದಿನಿಂದ, ವೇದಿಕೆಯಿಂದ, ಬ್ರಿಗಮ್ ಯಂಗ್ ಅವರ ದನಿ ಕೇಳಿಸಿತು. ಜನ ಮತ್ತೆ ಇತ್ತ ತಿರುಗಿದರು.

ಆ ತಿರುಗುವಿಕೆಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಗಳಿಗೆಯಲ್ಲಿ ಬ್ರಿಗಮ್ ಅವರ ದನಿ ಜೋಸೆಫ್ ಅವರ ದನಿಯಾಯಿತು, ಮುಖವೂ ಅವರದೇ ಆಯಿತು ಎಂದು ಅನೇಕರು ಹೇಳಿದರು. ಎಲೀಯನ ಕಂಬಳಿ ಎಲೀಷನ ಹೆಗಲಿಗೆ ಬಿದ್ದಂತೆ ಎಂಬ ಮಾತು ಅಲ್ಲಿಂದ ಬಂತು. ಆ ದಿನವೇ ಬರೆದಿಟ್ಟ ವರದಿಗಳಲ್ಲಿ ಈ ರೂಪಾಂತರದ ಪ್ರಸ್ತಾಪವಿಲ್ಲ. ಮುಂದಿನ ದಶಕಗಳಲ್ಲಿ ಇಂಥ ಹೇಳಿಕೆಗಳು ನೂರನ್ನು ಮೀರಿದವು. ಎರಡನ್ನೂ ಓದುಗರ ಮುಂದಿಡುವುದು ನನ್ನ ಕರ್ತವ್ಯ. ನೆನಪು ಕಾಲ ಸರಿದಂತೆ ಗಟ್ಟಿಯಾಗುತ್ತದೆ, ಆಕಾರ ಪಡೆಯುತ್ತದೆ. ಅನಾಥರಾದ ಜನಕ್ಕೆ ಅಂದು ಯಾವುದೋ ಪರಿಚಿತ ದನಿ ಕೇಳಿಸಿತೆಂಬುದನ್ನು ಮಾತ್ರ ಅಲ್ಲಗಳೆಯಲಾರೆ.

ಮಧ್ಯಾಹ್ನ ಎರಡಕ್ಕೆ ಮತ್ತೆ ಸೇರಿದಾಗ ಮಂಡಲಿಗಳನ್ನು ಕ್ರಮವಾಗಿ ಕೂರಿಸಿದ್ದರು. ಬ್ರಿಗಮ್ ಯಂಗ್ ಅವರ ಮಾತಿನಲ್ಲಿ ಅಲಂಕಾರವಿರಲಿಲ್ಲ. ತಮ್ಮ ಇಷ್ಟದಂತೆ ನಡೆದಿದ್ದರೆ ಒಂದು ತಿಂಗಳು ಅತ್ತು ಆಮೇಲೆ ಈ ಕೆಲಸಕ್ಕೆ ಕೂರುತ್ತಿದ್ದೆವೆಂದರು. ನಿಮಗೊಬ್ಬ ಪಾಲಕ ಬೇಕೋ, ಪ್ರವಾದಿ ಬೇಕೋ, ನೀವೇ ಹೇಳಿ. ಹನ್ನೆರಡು ಮಂದಿಯನ್ನು ಬಿಟ್ಟು ಬೇರೆಯವರನ್ನು ಆರಿಸಿದರೆ ಬೀಗದ ಕೈಗಳಿಲ್ಲದ ಸಭೆಯಾಗುತ್ತೀರಿ ಎಂಬುದು ಅವರ ವಾದದ ಸಾರ. ರಿಗ್ಡನ್ ತಮ್ಮ ಹೆಸರನ್ನು ಮತಕ್ಕೆ ಹಾಕುವುದು ಬೇಡವೆಂದರು. ಹನ್ನೆರಡು ಮಂದಿ ಸಭೆಯ ತಲೆಯಾಗಿ ನಿಲ್ಲುವುದಕ್ಕೆ ಒಪ್ಪಿಗೆಯೇ ಎಂದು ಕೇಳಿದಾಗ ಕೈಗಳು ಒಟ್ಟಿಗೆ ಮೇಲೆದ್ದವು.

ಅಂದು ಜನ ಆರಿಸಿದ್ದು ಬ್ರಿಗಮ್ ಯಂಗ್ ಅವರನ್ನಲ್ಲ, ಒಂದು ಮಂಡಲಿಯನ್ನು. ಕಾರಣಗಳೂ ಗಟ್ಟಿಯಾಗಿದ್ದವು. 1840ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪ್ರಚಾರ ಮಾಡಿ ಸಾವಿರಾರು ಜನರನ್ನು ಸಭೆಗೆ ಸೇರಿಸಿದವರು ಇದೇ ಅಪೊಸ್ತಲರು. ಹಡಗು ಹತ್ತಿ ನಾವೂಗೆ ಬಂದ ಆ ಕುಟುಂಬಗಳಿಗೆ ಇವರ ಮುಖಗಳೇ ಸಭೆಯ ಮುಖ. ಅವರು ಮರಳಿದ ಮೇಲೆ 1841ರ ಆಗಸ್ಟ್‌ನಲ್ಲಿ ಜೋಸೆಫ್, ಹನ್ನೆರಡು ಮಂದಿ ಇನ್ನು ಪ್ರಥಮ ಅಧ್ಯಕ್ಷ ಮಂಡಲಿಯ ಪಕ್ಕದಲ್ಲೇ ನಿಲ್ಲುತ್ತಾರೆಂದು ಸಾರಿದ್ದರು. ದೇವಾಲಯದ ವಿಧಿಗಳನ್ನೆಲ್ಲ ಅವರಿಗೆ ಕಲಿಸಿ, 1844ರ ವಸಂತದಲ್ಲಿ ಇನ್ನು ಭಾರ ನಿಮ್ಮ ಹೆಗಲಿಗೆ ಎಂದಿದ್ದರೆಂದು ಅಪೊಸ್ತಲರು ನೆನೆಸಿಕೊಂಡರು. ಗೋಡೆ ಅರ್ಧಕ್ಕೆದ್ದಿದ್ದ ನಾವೂದ ದೇವಾಲಯವನ್ನು ಮುಗಿಸಿ ಆ ವಿಧಿಗಳನ್ನು ತಮಗೆ ಕೊಡಬಲ್ಲವರು ಯಾರು ಎಂಬ ಪ್ರಶ್ನೆ ಜನರ ಎದೆಯಲ್ಲಿತ್ತು. 1845ರ ಡಿಸೆಂಬರ್‌ನಿಂದ ಮುಂದಿನ ಫೆಬ್ರವರಿಯವರೆಗೆ, ಊರು ಬಿಟ್ಟು ಪಶ್ಚಿಮಕ್ಕೆ ಹೊರಡುವ ಗಡಿಬಿಡಿಯ ನಡುವೆ, 5,000ಕ್ಕೂ ಹೆಚ್ಚು ಮಂದಿ ಅಲ್ಲಿ ಆ ವಿಧಿಗಳನ್ನು ಪಡೆದರು.

ಒಪ್ಪದವರೂ ಇದ್ದರು. ರಿಗ್ಡನ್ ಸೆಪ್ಟೆಂಬರ್ 8ರಂದು ಬಹಿಷ್ಕೃತರಾಗಿ ಪಿಟ್ಸ್‌ಬರ್ಗ್‌ಗೆ ಮರಳಿ ಬೇರೆ ಸಭೆ ಕಟ್ಟಿದರು. ಅದು ಬೇಗನೆ ಚೆದುರಿತಾದರೂ ಅದರ ಬೇರಿನಿಂದ ವಿಲಿಯಂ ಬಿಕರ್ಟನ್ ಎಬ್ಬಿಸಿದ ಸಭೆ ಪೆನ್ಸಿಲ್ವೇನಿಯದಲ್ಲಿ ಇಂದಿಗೂ ಇದೆ. ಅಪೊಸ್ತಲ ಲೈಮನ್ ವೈಟ್ ತಮಗೆ ಜೋಸೆಫ್ ಅವರೇ ಒಪ್ಪಿಸಿದ ಕೆಲಸವೆಂದು ಹಟ ಹಿಡಿದು ಜನರನ್ನು ಟೆಕ್ಸಾಸ್‌ಗೆ ಕರೆದೊಯ್ದರು. ಆಲ್ಫಿಯಸ್ ಕಟ್ಲರ್ ಅಯೋವಾದಲ್ಲಿ ನಿಂತರು.

ಜೇಮ್ಸ್ ಸ್ಟ್ರ್ಯಾಂಗ್ ಅವರ ಕಥೆಗೆ ಮಾತ್ರ ಸ್ವಲ್ಪ ಹೊತ್ತು ಕೊಡಬೇಕು. 1844ರ ಫೆಬ್ರವರಿಯಲ್ಲಷ್ಟೇ ದೀಕ್ಷಾಸ್ನಾನ ಪಡೆದ ಈ ವಕೀಲರು ಜೂನ್ 18ರ ತಾರೀಕಿನ ಒಂದು ಪತ್ರ ತೋರಿಸಿದರು. ಜೋಸೆಫ್ ತಮ್ಮನ್ನೇ ಉತ್ತರಾಧಿಕಾರಿಯಾಗಿ ನೇಮಿಸಿದ್ದಾರೆಂಬುದು ಅದರ ಒಕ್ಕಣೆ. ಮೇಲೆ ನಾವೂದ ಅಂಚೆಯ ಮುದ್ರೆ. ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಆ ಪತ್ರದ ಸಹಿ ಜೋಸೆಫ್ ಅವರದಲ್ಲವೆಂಬುದು ಪರಿಶೀಲಿಸಿದ ವಿದ್ವಾಂಸರ ಅಭಿಪ್ರಾಯ. ಆದರೆ ಆ ದಿನಗಳಲ್ಲಿ ಅದರ ಸೆಳೆತ ಸಣ್ಣದಾಗಿರಲಿಲ್ಲ. ಜೋಸೆಫ್ ಅವರ ತಮ್ಮ ವಿಲಿಯಂ, ವಿಲಿಯಂ ಮಾರ್ಕ್ಸ್, ಅಪೊಸ್ತಲ ಜಾನ್ ಪೇಜ್, ಮಾರ್ಮನ್ ಗ್ರಂಥದ ಮೂವರು ಸಾಕ್ಷಿಗಳಲ್ಲಿ ಒಬ್ಬರಾದ ಮಾರ್ಟಿನ್ ಹ್ಯಾರಿಸ್ ಕೂಡ ಒಂದಷ್ಟು ಕಾಲ ಸ್ಟ್ರ್ಯಾಂಗ್ ಅವರ ಜೊತೆಗಿದ್ದರು. ಉಳಿದವರ ಬಳಿ ಇಲ್ಲದ್ದೊಂದು ಸ್ಟ್ರ್ಯಾಂಗ್ ಅವರ ಬಳಿ ಇತ್ತು: ಒಂದು ಕಾಗದ. ದಿಕ್ಕು ತೋಚದ ಜನಕ್ಕೆ ಹೆಸರು ಬರೆದ ಕಾಗದಕ್ಕಿಂತ ದೊಡ್ಡ ಸಮಾಧಾನ ಯಾವುದು? ಮಿಶಿಗನ್ ಸರೋವರದ ಬೀವರ್ ದ್ವೀಪದಲ್ಲಿ 1850ರ ಜುಲೈ 8ರಂದು ಅವರು ರಾಜರಾಗಿ ಕಿರೀಟ ಧರಿಸಿದರು. 1856ರ ಜೂನ್‌ನಲ್ಲಿ ಅವರಿಗೆ ಗುಂಡೇಟು ಬಿತ್ತು. ಮೂರು ವಾರ ಹಾಸಿಗೆಯಲ್ಲಿದ್ದರೂ ಉತ್ತರಾಧಿಕಾರಿಯ ಹೆಸರು ಹೇಳದೆ ಕಣ್ಣು ಮುಚ್ಚಿದರು. ಜನರನ್ನು ದ್ವೀಪದಿಂದ ಓಡಿಸಿದರು. ನೇಮಕಪತ್ರದ ಬಲದ ಮೇಲೆ ನಿಂತ ಸಭೆಗೆ ಎರಡನೆಯ ಪತ್ರ ಸಿಗಲಿಲ್ಲ.

ಎಮ್ಮಾ ನಾವೂದಲ್ಲೇ ಉಳಿದರು. ಪಶ್ಚಿಮಕ್ಕೆ ಹೋಗದವರು, ಸ್ಟ್ರ್ಯಾಂಗ್ ಅವರನ್ನು ಬಿಟ್ಟುಬಂದವರು ಜೇಸನ್ ಬ್ರಿಗ್ಸ್, ಜೀನಸ್ ಗರ್ಲಿ ಮುಂತಾದವರ ಸುತ್ತ ಸೇರಿ, ಪ್ರವಾದಿಯ ಮಗನಿಗಾಗಿ ಕಾದರು. 1860ರ ಏಪ್ರಿಲ್ 6ರಂದು ಇಲಿನಾಯ್‌ನ ಆಂಬಾಯ್‌ನಲ್ಲಿ, ತಾಯಿಯೊಡನೆ ಬಂದ 27 ವರ್ಷದ ಮೂರನೆಯ ಜೋಸೆಫ್ ಸ್ಮಿತ್ ಅವರು ಪುನಸ್ಸಂಘಟಿತ ಸಭೆಯ ಅಧ್ಯಕ್ಷರಾದರು. ಅವರ ಹಸ್ತಾರ್ಪಣೆಯಲ್ಲಿ ಕೈಯಿಟ್ಟವರಲ್ಲಿ ಮಾರ್ಕ್ಸ್ ಒಬ್ಬರು. 16 ವರ್ಷಗಳ ಅಲೆದಾಟದ ನಂತರ ಆ ಮುದುಕರಿಗೆ ನೆಲೆ ಸಿಕ್ಕಿತ್ತು. ಆ ಸಭೆಯಲ್ಲಿ ಸ್ಮಿತ್ ವಂಶ 1996ರವರೆಗೆ ಪೀಠದಲ್ಲಿತ್ತು. ಈಗ ಕ್ರಿಸ್ತನ ಸಮುದಾಯ ಎಂಬ ಅರ್ಥದ ಹೆಸರಿಟ್ಟುಕೊಂಡಿರುವ ಅದಕ್ಕೆ 2025ರಲ್ಲಿ ಸ್ಟಾಸಿ ಕ್ರ್ಯಾಮ್ ಅವರು ಮೊದಲ ಮಹಿಳಾ ಅಧ್ಯಕ್ಷರಾದರು.

ಹನ್ನೆರಡು ಮಂದಿಯ ಹಿಂದೆ ಪಶ್ಚಿಮದ ಕಡೆ ನಡೆದವರಿಗೂ ಎಲ್ಲ ಇತ್ಯರ್ಥವಾಗಿರಲಿಲ್ಲ. ಮಂಡಲಿಯೇ ಆಳಿದರೆ ಸಾಕಲ್ಲ, ಮತ್ತೆ ಪ್ರಥಮ ಅಧ್ಯಕ್ಷ ಮಂಡಲಿ ಏಕೆಂದು ಆರ್ಸನ್ ಪ್ರ್ಯಾಟ್ ಅವರಂಥ ಅಪೊಸ್ತಲರೇ ಕೇಳಿದರು. ಸಾಲ್ಟ್ ಲೇಕ್ ಕಣಿವೆ ತಲುಪಿ, ಮತ್ತೆ ಹಿಂದಿನ ಬಿಡಾರಕ್ಕೆ ಬಂದ ಮೇಲೆ, 1847ರ ಡಿಸೆಂಬರ್ 5ರಂದು ಆರ್ಸನ್ ಹೈಡ್ ಅವರ ಮನೆಯಲ್ಲಿ ಅಪೊಸ್ತಲರು ಬಹಳ ಹೊತ್ತು ಚರ್ಚಿಸಿ ಒಮ್ಮತಕ್ಕೆ ಬಂದರು. 27ರಂದು ಅಯೋವಾದ ಕೇನ್ಸ್‌ವಿಲ್‌ನಲ್ಲಿ ಹೊಸದಾಗಿ ಎಬ್ಬಿಸಿದ ಮರದ ದಿಮ್ಮಿಗಳ ಸಭಾಂಗಣದಲ್ಲಿ ಜನ ಕೈ ಎತ್ತಿ ಬ್ರಿಗಮ್ ಯಂಗ್ ಅವರನ್ನು ಅಧ್ಯಕ್ಷರೆಂದು ಒಪ್ಪಿದರು.

ಆದರೂ ಮುಂದಿನ ಸಲ ಹೀಗೆಯೇ ಆಗುತ್ತದೆಂಬ ನಿಯಮ ಇರಲಿಲ್ಲ. ಹಿರಿಯ ಅಪೊಸ್ತಲನೇ ಮುಂದಿನ ಅಧ್ಯಕ್ಷ ಎಂದುಕೊಂಡರೂ, ಹಿರಿಯ ಯಾರು? 1835ರಲ್ಲಿ ಮೊದಲ ಹನ್ನೆರಡು ಮಂದಿಯನ್ನು ವಯಸ್ಸಿನ ಮೇಲೆ ಸಾಲಾಗಿಸಿದ್ದರು. ಆಮೇಲೆ ಕೆಲವರು ಹೊರಹೋಗಿ ಮರಳಿದ್ದರು. 1875ರಲ್ಲಿ ಬ್ರಿಗಮ್ ಯಂಗ್ ಈ ಗಂಟು ಬಿಡಿಸಿದರು: ನಡುವೆ ಮಂಡಲಿಯಿಂದ ಹೊರಗಿದ್ದ ಆರ್ಸನ್ ಹೈಡ್, ಆರ್ಸನ್ ಪ್ರ್ಯಾಟ್ ಇಬ್ಬರನ್ನೂ ಮರಳಿ ಬಂದ ದಿನದಿಂದ ಲೆಕ್ಕ ಹಾಕಿ, ಜಾನ್ ಟೇಲರ್ ಅವರ ಹೆಸರನ್ನು ಅವರಿಗಿಂತ ಮೇಲೆ ತಂದರು. ಎರಡೇ ವರ್ಷಕ್ಕೆ, 1877ರ ಆಗಸ್ಟ್ 29ರಂದು, ಬ್ರಿಗಮ್ ಯಂಗ್ ತೀರಿಕೊಂಡರು. ಸಾಲು ಬದಲಾಗದಿದ್ದರೆ ಪೀಠದ ಮುಂದೆ ನಿಲ್ಲುತ್ತಿದ್ದವರು ಹೈಡ್. 1878ರಲ್ಲಿ ಅವರೂ ಹೋದ ಮೇಲೆ ಪ್ರ್ಯಾಟ್. ತಮ್ಮ ಹಿರಿತನ ಹೋದದ್ದನ್ನು ಇಬ್ಬರೂ ಸಭೆ ಒಡೆಯದೆ ನುಂಗಿಕೊಂಡರು. ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವ ಸಂಗತಿ ಇದು.

ಟೇಲರ್ ಅವರ ಹೆಸರಿನಲ್ಲಿ ಅಧ್ಯಕ್ಷ ಮಂಡಲಿ ರಚನೆಯಾಗಲು ಮೂರು ವರ್ಷಕ್ಕೂ ಹೆಚ್ಚು ಬೇಕಾಯಿತು: 1880ರ ಅಕ್ಟೋಬರ್. 1887ರ ಜುಲೈನಲ್ಲಿ ಅವರು ಅಜ್ಞಾತವಾಸದಲ್ಲೇ ತೀರಿಕೊಂಡಾಗ ಸರ್ಕಾರ ಬಹುಪತ್ನೀತ್ವದ ಮೇಲೆ ಮುಗಿಬಿದ್ದಿತ್ತು. ಸಭೆಯ ಕಾನೂನುಬದ್ಧ ಅಸ್ತಿತ್ವವನ್ನೇ ಹೊಸ ಕಾಯಿದೆ ರದ್ದುಮಾಡಿತ್ತು. ಕೆಲವು ಕಿರಿಯ ಅಪೊಸ್ತಲರಿಗೆ ಹಿಂದಿನ ಆಡಳಿತದ ಮೇಲೆ ಅಸಮಾಧಾನವೂ ಇತ್ತು. ಹಿರಿಯ ಅಪೊಸ್ತಲ ವಿಲ್ಫರ್ಡ್ ವುಡ್ರಫ್ 20 ತಿಂಗಳು ಕಾದು, 1889ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾದರು. ಆ ಕಾಯುವಿಕೆ ಅವರಿಗೆ ಎಷ್ಟು ಕಹಿಯಾಗಿತ್ತೆಂದರೆ, ತಾನು ಹೋದ ಮೇಲೆ ಒಂದಿಷ್ಟೂ ತಡಮಾಡಬೇಡಿರೆಂದು ಸಾಲಿನಲ್ಲಿ ತಮ್ಮ ನಂತರ ಇದ್ದ ಲೊರೆಂಜೊ ಸ್ನೋ ಅವರಿಗೆ ಹೇಳಿಟ್ಟರು. 1898ರ ಸೆಪ್ಟೆಂಬರ್ 2ರಂದು ವುಡ್ರಫ್ ಹೋದರು. 13ರಂದು ಅಪೊಸ್ತಲರು ಸೇರಿದಾಗ ಎದುರಿಗಿದ್ದದ್ದು ಎಮ್ಮಾ ಅವರನ್ನು ಕಾಡಿದ್ದ ಅದೇ ಪ್ರಶ್ನೆ: ಸಾಲದಲ್ಲಿ ಮುಳುಗಿದ ಸಭೆಗೆ ಟ್ರಸ್ಟಿ ಯಾರು? ಅಂದೇ ಸ್ನೋ ಅಧ್ಯಕ್ಷರಾದರು. 11 ದಿನ.

ಇನ್ನೊಂದು ಎಳೆ ಉಳಿದಿತ್ತು. ಹಿರಿತನವನ್ನು ಅಪೊಸ್ತಲ ಪದವಿಯ ಹಸ್ತಾರ್ಪಣೆಯಿಂದ ಎಣಿಸಬೇಕೋ, ಮಂಡಲಿಗೆ ಸೇರಿದ ದಿನದಿಂದಲೋ? ಬ್ರಿಗಮ್ ಯಂಗ್ ಅವರ ಅದೇ ಹೆಸರಿನ ಮಗನಿಗೆ ತಂದೆ 1864ರಲ್ಲೇ ಆ ಪದವಿ ಕೊಟ್ಟಿದ್ದರು. ಮಂಡಲಿಗೆ ಅವರು ಸೇರಿದ್ದು 1868ರಲ್ಲಿ. ಜೋಸೆಫ್ ಎಫ್. ಸ್ಮಿತ್ ಅವರಿಗೆ ಪದವಿ 1866ರಲ್ಲಿ, ಮಂಡಲಿ ಪ್ರವೇಶ 1867ರಲ್ಲಿ. 1900ರ ಏಪ್ರಿಲ್‌ನಲ್ಲಿ ಮಂಡಲಿಗೆ ಸೇರಿದ ದಿನವೇ ಲೆಕ್ಕ ಎಂದು ತೀರ್ಮಾನವಾಯಿತು. ಹಿರಿತನದಲ್ಲಿ ಇಬ್ಬರಿಗಿಂತಲೂ ಮೇಲಿದ್ದ ಜಾರ್ಜ್ ಕ್ಯಾನನ್ 1901ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಕ್ಟೋಬರ್ 10ರಂದು ಸ್ನೋ. 17ರಂದು ಜೋಸೆಫ್ ಎಫ್. ಸ್ಮಿತ್ ಅಧ್ಯಕ್ಷರಾದರು. 7 ದಿನ.

ಇವರು ಹೈರಮ್ ಅವರ ಮಗ. ಕಾರ್ತೇಜ್‌ನಲ್ಲಿ ತಂದೆ ಬಿದ್ದಾಗ ಐದು ವರ್ಷದ ಕೂಸು. ವಿಧವೆ ತಾಯಿಯ ಜೊತೆ ಎತ್ತಿನ ಬಂಡಿ ಹೊಡೆದುಕೊಂಡು ಸಾಲ್ಟ್ ಲೇಕ್ ತಲುಪಿದಾಗ ಒಂಬತ್ತು. ಅವರು ಪೀಠಕ್ಕೆ ಬಂದ ದಿನ ಅಯೋವಾದ ಲಮೋನಿಯಲ್ಲಿ ಮೂರನೆಯ ಜೋಸೆಫ್ ಸ್ಮಿತ್ ತಮ್ಮ ಸಭೆಯ ಅಧ್ಯಕ್ಷರಾಗಿ 41 ವರ್ಷ ಕಳೆದಿದ್ದರು. 1914ರಲ್ಲಿ ಅವರು ತೀರಿಕೊಳ್ಳುವವರೆಗೆ, ಒಂದೇ ಸೆರೆಮನೆಯಲ್ಲಿ ಒಂದೇ ಸಂಜೆ ತಂದೆಯರನ್ನು ಕಳೆದುಕೊಂಡ ಈ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಎರಡು ಸಭೆಗಳ ತಲೆಯಾಗಿದ್ದರು, ಒಬ್ಬರು ಮಂಡಲಿಯ ಸಾಲಿನಿಂದ ಬಂದವರು, ಇನ್ನೊಬ್ಬರು ತಂದೆಯ ಮಗನೆಂದು.